ಎಡಗೈ ಬ್ರೇಕು

ಫೆಬ್ರವರಿ 9

ಮಗಳೇ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವಷ್ಟು ಒಳ್ಳೆಯ ಮನಸ್ಸು ಇವತ್ತು ನನಗಿಲ್ಲ. ಬೇಕಿದ್ದರೆ ನೀನಾಗಿಯೇ ಬರೆದು ತಿಳಿಸು.

ಆರು ವಾರ ನಿನ್ನ ಮನೆಯಲ್ಲಿ ಕೈಯನ್ನು ಕತ್ತಿಗೆ ಕಟ್ಟಿಕೊಂಡು ಕೂತಿದ್ದೆ. ನೀನು ಬಡಿಸಿದ್ದನ್ನು ತಿಂದೆ, ನೀನು ಹಾಕಿದ ಚಾನೆಲ್ ನೋಡಿದೆ, ನೀನು ಮಲಗು ಅಂದಾಗ ಮಲಗಿದೆ. ನಿನ್ನೆ ಸಂಜೆ ನನ್ನ ಮನೆಗೆ ಬಂದು ಬೀಗ ತೆಗೆದು ದೀಪ ಹಾಕಿದರೆ ಮೆಟ್ಟಿಲ ಕೆಳಗೆ ನನ್ನ ಸೈಕಲ್ ಇಲ್ಲ. ಹ್ಯಾಂಡಲ್ ಒರಗಿ ಒರಗಿ ಗೋಡೆಯ ಮೇಲಾದ ಕಪ್ಪು ಗೆರೆ ಇದೆ. ನೆಲದ ಮೇಲೆ ಚೈನಿನ ಎಣ್ಣೆಯ ಕಲೆ ಇದೆ. ಮೊಳೆಯಲ್ಲಿ ಹೆಲ್ಮೆಟ್ ನೇತಾಡುತ್ತಿದೆ. ಕಳ್ಳರು ನುಗ್ಗಿದ್ದಾರೆ ಎಂದುಕೊಂಡು ಓಡಿಹೋಗಿ ಕೆಳಗಿನ ಮನೆಯಾಕೆಯ ಬಾಗಿಲು ಬಡಿದೆ.

"ಅಯ್ಯೋ, ಕಳ್ಳರಲ್ಲ ಕಣ್ರೀ, ನಿಮ್ಮ ಮಗಳು ಅಳಿಯಾನೇ ಕಾರಿನ ಮೇಲೆ ಕಟ್ಕೊಂಡು ಹೋದ್ರು. ನಿಮಗೆ ಗೊತ್ತಿಲ್ವಾ?" ಅಂದಳು.

ಗೊತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? "ಗೊತ್ತು, ಮರೆತೇಹೋಗಿತ್ತು" ಅಂದೆ. ಅವಳು ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಸೈಕಲ್ ಕದ್ದದ್ದು ಸಾಲದು ಅಂತ ನನ್ನನ್ನು ಮರೆಗುಳಿ ಮುದುಕಿಯನ್ನಾಗಿಯೂ ಮಾಡಿದೆ.

ಈಗ ನೆನಪಾಗುತ್ತಿದೆ. ನನ್ನನ್ನು ಮಲಗಿಸಿ, "ನಿನ್ನ ಗಿಡಗಳಿಗೆ ನೀರು ಹಾಕಿ ಬರ್ತೀವಿ" ಅಂತ ಕೀಲಿ ತೆಗೆದುಕೊಂಡು ಹೋದಿರಲ್ಲ, ಗಂಡ ಹೆಂಡತಿ ಇಬ್ಬರೂ. ಗಿಡಗಳು ಒಣಗಿ ಕಡ್ಡಿಯಾಗಿವೆ. ಸುಳ್ಳು ಹೇಳುವವಳು ನಾಲ್ಕು ಚೊಂಬು ನೀರಾದರೂ ಹಾಕಬಾರದಿತ್ತೇ?

ನನಗೆ ಫೋನ್ ಮಾಡಬೇಡ. ಮಾಡಿದರೂ ಎತ್ತುವುದಿಲ್ಲ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದದಲ್ಲಿ ಮಧ್ಯೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ಇನ್ನು ಮೇಲೆ ಏನಿದ್ದರೂ ಬರೆ. ಮೊದಲು ಬರೆಯಬೇಕಾದ್ದು, ನನ್ನ ಸೈಕಲ್ ಎಲ್ಲಿ?

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸಬೇಡ.

ಇನ್ನೂ ನಿನ್ನ ತಾಯಿಯೇ ಆಗಿರುವ,
ಅಮ್ಮ


ಫೆಬ್ರವರಿ 16

ಅಮ್ಮಾ,

ಕದ್ದೆ ಅಂತ ಬರೆದಿದ್ದೀಯ. ಸರಿ, ಕದ್ದೆ. ಹೋಗಿ ಪೊಲೀಸರಿಗೆ ಹೇಳು.

ಹೇಳುವಾಗ ಇದನ್ನೂ ಸೇರಿಸಿ ಹೇಳು. ಡಿಸೆಂಬರಿನಲ್ಲಿ ನೀನು ಗುಡ್ಡದಲ್ಲಿ ಬಿದ್ದ ಆ ಭಾನುವಾರ ನನಗೆ ಡ್ಯೂಟಿ ಇತ್ತು. ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಫೋನ್ ಬಂತು, ಗೊತ್ತಿಲ್ಲದ ನಂಬರು. ಅಪ್ಪ ಹೋದ ಸುದ್ದಿ ಬಂದದ್ದೂ ಗೊತ್ತಿಲ್ಲದ ನಂಬರಿನಿಂದಲೇ. ಆಗಲೂ ಇದೇ ಮೇಜಿನ ಮುಂದೆ ನಿಂತಿದ್ದೆ. "ನೀವು ಅವರ ಮಗಳಾ?" ಅಂತ ಯಾರೋ ಗಂಡಸು ಕೇಳಿದರು. ಅಪ್ಪನ ಸಲವೂ ಮಾತು ಶುರುವಾದದ್ದು ಇದೇ ಪ್ರಶ್ನೆಯಿಂದ. ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಅವರು ನಿನ್ನ ಸೈಕಲ್ ತಂಡದ ಹಲ್ಲಿನ ಡಾಕ್ಟರು ಅಂತ ಗೊತ್ತಾಯಿತು. "ಗಾಬರಿ ಆಗ್ಬೇಡಿ, ಪ್ರಜ್ಞೆ ಇದೆ, ನಮ್ಮನ್ನೆಲ್ಲ ಬೈತಾನೂ ಇದಾರೆ" ಅಂದರು. ಅವರು ನಗುತ್ತಿದ್ದರು ಅಮ್ಮ. ನಗುತ್ತಿದ್ದರು!

ನಿನಗೆ ಅರವತ್ತೊಂದು. ನಿನ್ನ ವಯಸ್ಸಿನವರು ಪಾರ್ಕಿನಲ್ಲಿ ಎರಡು ಸುತ್ತು ನಡೆದು, ಬೆಂಚಿನ ಮೇಲೆ ಕೂತು, ಸೊಸೆಯಂದಿರ ಮೇಲೆ ದೂರು ಹೇಳಿಕೊಂಡು ಮನೆಗೆ ಹೋಗುತ್ತಾರೆ. ನಿನಗೆ ಗುಡ್ಡವೇ ಬೇಕು, ಬಂಡೆಯೇ ಬೇಕು. ಮೊದಲನೆಯ ವರ್ಷ ಮೊಣಕೈ ತರಚಿಕೊಂಡೆ, ಹೊಲಿಗೆ ಹಾಕಿಸಿದೆ. ಆಮೇಲೆ ಪಕ್ಕೆಲುಬು. ಈಗ ಕಾಲರ್ ಬೋನು. ಮುಂದಿನದಕ್ಕೆ ಯಾವ ಮೂಳೆ ಎತ್ತಿಟ್ಟಿದ್ದೀಯ?

ಸೈಕಲ್ ಎಲ್ಲಿದೆ, ಯಾರ ಹತ್ತಿರ ಇದೆ, ಹೇಳುವುದಿಲ್ಲ. ಒಳ್ಳೆಯ ಜನಕ್ಕೆ ಕೊಟ್ಟಿದ್ದೇನೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಮಾತ್ರೆ ತಪ್ಪಿಸಬೇಡ.

ಮಗಳು


ಫೆಬ್ರವರಿ 21

ಮಗಳೇ,

ಮುಗಿಯಿತು ಅನ್ನುವುದಕ್ಕೆ ನೀನು ಯಾರು?

ನಾನು ಕೆಲಸ ಮಾಡುವ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಸೀಟಿನ ಕೆಳಗೂ ಒಂದು ಬ್ರೇಕಿದೆ, ನೀನು ಚಿಕ್ಕವಳಿದ್ದಾಗ ಅದರ ಮೇಲೆ ಕಾಲಿಟ್ಟು ಆಟ ಆಡುತ್ತಿದ್ದೆ, ನೆನಪಿದೆಯಾ? ನಿನ್ನ ವಯಸ್ಸಿಗಿಂತ ಹೆಚ್ಚು ಕಾಲದಿಂದ ನಾನು ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದೇನೆ. ಪಕ್ಕದಲ್ಲಿ ಕೂತವಳು ಮಾತು ಮಾತಿಗೆ ಬ್ರೇಕ್ ಒತ್ತಿದರೆ ಓಡಿಸುವವರಿಗೆ ಗಾಡಿ ಯಾವತ್ತೂ ಬರುವುದಿಲ್ಲ. ಈಗ ನೀನು ನನ್ನ ಪಕ್ಕದಲ್ಲಿ ಕೂತು ಅದನ್ನೇ ಮಾಡುತ್ತಿದ್ದೀಯ. ವಾರವಿಡೀ ಸ್ಟೇರಿಂಗು ಇನ್ನೊಬ್ಬರ ಕೈಯಲ್ಲಿ, ಜೀವ ನನ್ನ ಕೈಯಲ್ಲಿ. ಭಾನುವಾರ ಬೆಳಿಗ್ಗೆ ಮಾತ್ರ ಹ್ಯಾಂಡಲ್ ನನ್ನದು. ಅದನ್ನೂ ಕಿತ್ತುಕೊಂಡೆ.

ನೀನು ಒಂದು ಸಲವಾದರೂ ಕೇಳಿದ್ದೀಯಾ, ಅಮ್ಮ, ಅಲ್ಲಿ ಏನು ಮಾಡ್ತೀಯ ಅಂತ? ಟವರ್ ಗುಡ್ಡವನ್ನು ಅತಿ ಸಣ್ಣ ಗೇರಿನಲ್ಲಿ ಹತ್ತುತ್ತೇನೆ. ಉಸಿರು ಬಾಯಿಗೆ ಬರುತ್ತದೆ, ನಡೆದು ಹೋಗುವವರು ನನ್ನನ್ನು ದಾಟಿ ಹೋಗುತ್ತಾರೆ. ಮೇಲೆ ಹೋಗಿ ನೀರು ಕುಡಿದು, ಸೀಟು ತಗ್ಗಿಸಿ, ಪೆಡಲಿನ ಮೇಲೆ ಎದ್ದು ನಿಂತು ಇಳಿಯುತ್ತೇನೆ. ಕಲ್ಲನ್ನು ನೋಡಿದರೆ ಕಲ್ಲಿಗೇ ಹೋಗುತ್ತೇವೆ, ದಾರಿಯನ್ನು ನೋಡಬೇಕು. ಆ ಹೊತ್ತಿನಲ್ಲಿ ನಿನ್ನ ಅಪ್ಪನ ಆಸ್ಪತ್ರೆಯ ಬಿಲ್ಲು, ಖಾಲಿ ಮನೆ, ನಾಳೆಯ ಕ್ಲಾಸು ಯಾವುದೂ ತಲೆಯಲ್ಲಿರುವುದಿಲ್ಲ. ನನಗೆ ಅದು ಬೇಕು. ಬೇಕು ಅಂತ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ಡಾಕ್ಟರು ನಕ್ಕರು ಅಂತ ಬೈದಿದ್ದೀಯ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಹಿಂದೆ ಇಳಿಯುವವರಿಗೆ 'ಬಾಗಿಲು' ಅನ್ನುತ್ತೇವೆ. ನಾನೇ ನಿಧಾನ, ಹಾಗಾಗಿ ನಾನೇ ಬಾಗಿಲು. ಕೆಳಗೆ ಬಂದ ಮೇಲೆ "ಬಾಗಿಲು ಮುಚ್ಚಿತು!" ಅಂತ ಕೂಗುತ್ತೇನೆ. ಮೇಲೆ ಯಾರೂ ಉಳಿದಿಲ್ಲ, ಎಲ್ಲರೂ ಕ್ಷೇಮ ಅಂತ ಅರ್ಥ. ಆ ಕೂಗು ಕೇಳದೆ ಯಾರೂ ಮನೆಗೆ ಹೊರಡುವುದಿಲ್ಲ. ಆ ದಿನ ಕೂಗು ಕೇಳಲಿಲ್ಲ. ಹಲ್ಲಿನ ಡಾಕ್ಟರು ಸೈಕಲ್ಲನ್ನು ಅಲ್ಲೇ ಬಿಸಾಡಿ ಗುಡ್ಡ ಹತ್ತಿ ಬಂದು ಪೊದೆ ಪೊದೆ ಹುಡುಕಿದರು. ಸಿಕ್ಕಿದೆನಲ್ಲ ಅಂತ ನಕ್ಕರು. ಅವರನ್ನು ಏನೂ ಅನ್ನಬೇಡ.

ಸೈಕಲ್ ಯಾರ ಹತ್ತಿರ ಇದೆ ಹೇಳು. ಅದನ್ನು ಹತ್ತುವವರಿಗೆ ನಾನು ಒಂದು ಮಾತು ಹೇಳಲೇಬೇಕು. ನಿನಗಲ್ಲ, ಅವರಿಗೆ. ವಿಳಾಸ ಕಳಿಸು.

ಅಮ್ಮ


ಮಾರ್ಚ್ 11

ಅಮ್ಮಾ,

ಸಂತೋಷವಾಯಿತಾ?

ಆ ಒಳ್ಳೆಯ ಜನ ಅಂದರೆ ನಿನ್ನ ಅಳಿಯ. ಹೊಟ್ಟೆ ಬಂದಿದೆ, ಸಂಜೆ ಹೊತ್ತು ಮೈ ಬಗ್ಗಿಸಲಿ, ಸೈಕಲ್ಲೂ ಮನೆಯಲ್ಲೇ ಇದ್ದ ಹಾಗಾಯಿತು ಅಂದುಕೊಂಡು ಅವರಿಗೇ ಕೊಟ್ಟೆ. ಮೊನ್ನೆ ಪಾರ್ಕಿನ ಹಿಂದಿನ ಇಳಿಜಾರಿನಲ್ಲಿ ಮಗುಚಿಕೊಂಡರು. ಬಲಗೈ ಮಣಿಕಟ್ಟು ಮುರಿದಿದೆ. ಮುಂದಿನ ಹಲ್ಲು ಅರ್ಧ ಹೋಗಿದೆ. ಗಲ್ಲದಲ್ಲಿ ಹೊಲಿಗೆ. ನನಗೆ ಮತ್ತೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮತ್ತೆ ಅದೇ ಧಾಟಿ, "ನೀವು ಅವರ ಹೆಂಡತೀನಾ?"

"ಎಡಗೈ ಬ್ರೇಕು ಒತ್ತಿದೆ ಕಣೇ, ಹಿಂದಿನ ಚಕ್ರ ನಿಲ್ಲತ್ತೆ ಅಂತ. ಮುಂದಿನ ಚಕ್ರ ಗಕ್ ಅಂತ ನಿಂತ್ಬಿಡ್ತು. ನಾನು ಮಾತ್ರ ಮುಂದಕ್ಕೆ ಹೋದೆ" ಅಂತಾರೆ.

ಮುರಿದ ಸೈಕಲ್ಲನ್ನು ಅಂಗಡಿಗೆ ತೆಗೆದುಕೊಂಡು ಹೋದೆ, ಗುಜರಿಗೆ ಹಾಕಿಸೋಣ ಅಂತ. ಅಂಗಡಿಯವನು ಮುಂದಿನ ಚಕ್ರ ಎತ್ತಿ ತಿರುಗಿಸಿ ಎಡಗಡೆಯ ಹಿಡಿ ಒತ್ತಿದ. "ಮೇಡಂ, ಇದು ಉಲ್ಟಾ ಇದೆ. ನಮ್ಮಲ್ಲಿ ಎಲ್ಲ ಸೈಕಲ್ಲಿಗೂ ಮುಂದಿನ ಬ್ರೇಕು ಬಲಗೈಗೇ ಇರೋದು. ಇದನ್ನ ಯಾರೋ ಬೇಕಂತಲೇ ಬದಲಾಯಿಸಿದಾರೆ" ಅಂದ.

ಬೇಕಂತಲೇ! ನಿನಗೆ ಗೊತ್ತಿತ್ತು. "ಒಂದು ಮಾತು ಹೇಳಲೇಬೇಕು" ಅಂತ ಬರೆದೆಯಲ್ಲ, ಅದನ್ನು ಸೈಕಲ್ ಪತ್ತೆ ಮಾಡುವ ಉಪಾಯ ಅಂದುಕೊಂಡು ನಾನು ಕಾಗದ ಮಡಚಿ ಇಟ್ಟೆ. ಆ ಮಾತನ್ನು ಆ ಕಾಗದದಲ್ಲೇ ಬರೆಯುವುದಕ್ಕೆ ನಿನಗೆ ಏನಾಗಿತ್ತು? ಒಂದು ಸಾಲು ಅಮ್ಮ, ಒಂದೇ ಸಾಲು. ನಿನ್ನ ಹಟಕ್ಕೆ ನನ್ನ ಗಂಡನ ಕೈ ಹೋಯಿತು.

ನಿನ್ನ ಮೇಲೆ ಇಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ಉತ್ತರ ಬರೆಯಬೇಡ.

ಮಗಳು


ಮಾರ್ಚ್ 16

ಮಗಳೇ,

ಬರೆಯಬೇಡ ಅಂದರೆ ಬಿಡುವವಳಲ್ಲ ನಾನು.

ನಿನ್ನ ಕಾಗದ ಬೆಳಿಗ್ಗೆ ಬಂತು. ಮಧ್ಯಾಹ್ನದ ಕ್ಲಾಸಿನಲ್ಲಿ ಒಬ್ಬಾಕೆ ಗೇರ್ ಹಾಕದೆ ಆಕ್ಸಿಲರೇಟರ್ ಒತ್ತುತ್ತಲೇ ಇದ್ದಳು, ನಾನು ಬೈಯುವುದನ್ನೂ ಮರೆತು ಕೂತಿದ್ದೆ. ಅಳಿಯಂದಿರು ಊಟ ಹೇಗೆ ಮಾಡುತ್ತಾರೆ? ಎಡಗೈಯಲ್ಲಾ? ಹಲ್ಲಿಗೆ ಕ್ಯಾಪ್ ಹಾಕಿಸಲಿ, ಬೇಕಾದರೆ ನಮ್ಮ ಡಾಕ್ಟರಿಗೆ ಹೇಳುತ್ತೇನೆ.

ಆ ಒಂದು ಸಾಲು ಬರೆಯಬೇಕಿತ್ತು. ನಿನ್ನ ಮೇಲಿನ ಸಿಟ್ಟಿಗೆ ಬರೆಯಲಿಲ್ಲ. ವಿಳಾಸ ಕಳಿಸಲಿ, ಆಗ ಹೇಳುತ್ತೇನೆ ಅಂದುಕೊಂಡೆ. ಅಷ್ಟು ನನ್ನ ತಪ್ಪು. ಇಷ್ಟಕ್ಕೇ ಗೆದ್ದೆ ಅಂದುಕೊಳ್ಳಬೇಡ, ಮಿಕ್ಕದ್ದು ನಿನ್ನದು.

ಆ ಬ್ರೇಕು ಯಾಕೆ ಉಲ್ಟಾ ಇದೆ ಗೊತ್ತಾ? ಕಲಿಯುವವರು ಗಾಡಿಯನ್ನು ಕಂಬಕ್ಕೆ ಬಿಡುವಾಗ ನಾನು ಪಕ್ಕದ ಸೀಟಿನಿಂದ ಬಲಗೈ ಚಾಚಿ ಸ್ಟೇರಿಂಗು ಎಳೆಯುತ್ತೇನೆ. ಇಷ್ಟು ವರ್ಷ ಎಳೆದು ಎಳೆದು ಬಲಗೈ ಹೆಬ್ಬೆರಳಿನ ಬುಡ ಸವೆದುಹೋಗಿದೆ. ಬಾಟಲಿಯ ಮುಚ್ಚಳ ತಿರುಗಿಸುವುದಕ್ಕೂ ಆಗುವುದಿಲ್ಲ. ಇಳಿಯುವಾಗ ನಿಜವಾಗಿ ಹಿಡಿದು ನಿಲ್ಲಿಸುವುದು ಮುಂದಿನ ಬ್ರೇಕು. ಅದಕ್ಕೆ ಗಟ್ಟಿಯಾಗಿರುವ ಎಡಗೈಗೆ ಅದನ್ನು ಹಾಕಿಸಿಕೊಂಡೆ. ನೀನು ಆರು ವಾರ ನನಗೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ, ಭುಜ ನೋವಿರಬೇಕು ಅಂದುಕೊಂಡೆ. ಕೇಳಲಿಲ್ಲ.

ನನ್ನ ಸೈಕಲ್ಲನ್ನು ನನ್ನ ಕೈಗೆ ಸರಿಯಾಗಿ ಕೂರಿಸಿಕೊಂಡಿದ್ದೆ. ಕೇಳದೆ ಎತ್ತಿಕೊಂಡು ಹೋದವರಿಗೆ ಅದು ಹೇಗೆ ಹೊಂದುತ್ತದೆ? ಒಂದು ಸಲ, "ಅಮ್ಮ, ಇವರು ಓಡಿಸ್ಲಾ?" ಅಂದಿದ್ದರೆ ಸಾಕಿತ್ತು. ಬೈಯುತ್ತಾ ಬೈಯುತ್ತಾ ಹೇಳಿಬಿಡುತ್ತಿದ್ದೆ.

ಅಮ್ಮ


ಮಾರ್ಚ್ 22

ಅತ್ತೆಯವರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರಕ್ಕೆ ನಗಬೇಡಿ. ಇವಳು ಡ್ಯೂಟಿಗೆ ಹೋಗಿದ್ದಾಳೆ. ಈ ಕಾಗದದ ಸುದ್ದಿ ಅವಳಿಗೆ ಬೇಡ.

ನಿಮ್ಮಿಬ್ಬರ ಮಧ್ಯೆ ನನ್ನ ಕೈ ಮುರಿದದ್ದಕ್ಕೆ ನನಗೆ ಬೇಜಾರಿಲ್ಲ. ನಾನೂ ನಿಮ್ಮನ್ನು ಕೇಳಬೇಕಿತ್ತು. ಗಿಡಕ್ಕೆ ನೀರು ಹಾಕದೆ ಬಂದದ್ದಕ್ಕಂತೂ ನಿಜವಾಗಿ ನಾಚಿಕೆಯಾಗಿದೆ.

ಎರಡು ವಿಷಯ ಹೇಳಬೇಕು. ಮೊದಲನೆಯದು, ಇವಳಿಗೆ ಪಾರ್ಕಿನ ಇಳಿಜಾರು ಅಂತ ಹೇಳಿದ್ದೇನೆ. ಬಿದ್ದದ್ದು ಅಲ್ಲಲ್ಲ, ಕಲ್ಲುಗಣಿಯ ಹಿಂದಿನ ಜಲ್ಲಿ ದಾರಿಯಲ್ಲಿ. ಬೀಳುವ ಮೊದಲು ನಾನು ಜೋರಾಗಿ ಕೂಗಿಕೊಂಡೆ, ಭಯಕ್ಕಲ್ಲ. ಮದುವೆಯಾದ ಮೇಲೆ ಹಾಗೆ ಕೂಗಿದ್ದು ನೆನಪಿಲ್ಲ. ನಿಮಗೆ ಅರ್ಥವಾಗುತ್ತದೆ ಅಂತ ಬರೆದೆ.

ಎರಡನೆಯದು, ನಿಮ್ಮ ಡ್ರೈವಿಂಗ್ ಸ್ಕೂಲಿಗೆ ಆಗಾಗ ಫೋನ್ ಮಾಡಿ, "ಮೇಡಂ ಇವತ್ತು ಬಂದಿದಾರಾ? ಕ್ಲಾಸಿಗೆ ಸೇರ್ಬೇಕಿತ್ತು" ಅಂತ ಕೇಳುವ ಹೆಂಗಸು ಯಾರು ಅಂದುಕೊಂಡಿದ್ದೀರಿ? ನೀವು ಫೋನ್ ಎತ್ತುವುದಿಲ್ಲವಲ್ಲ. ಬಂದಿದ್ದಾರೆ ಅಂತ ಗೊತ್ತಾದ ದಿನ ಇವಳು ನೆಮ್ಮದಿಯಾಗಿ ಊಟ ಮಾಡುತ್ತಾಳೆ. ರಜೆ ಅಂದ ದಿನ ಮನೆಯಲ್ಲಿ ಪಾತ್ರೆಗಳಿಗೆ ಉಳಿಗಾಲವಿಲ್ಲ. ನನಗೂ.

ಸೈಕಲ್ ಗುಜರಿಗೆ ಹೋಗಿಲ್ಲ. ಇನ್ನೂ ಅಂಗಡಿಯಲ್ಲೇ ಇದೆ.

ನಮಸ್ಕಾರಗಳು,
ನಿಮ್ಮ ಅಳಿಯ


ಮಾರ್ಚ್ 29

ಮಗಳೇ,

ನಮ್ಮ ಸ್ಕೂಲಿಗೆ ಒಬ್ಬಳು ಫೋನ್ ಮಾಡುತ್ತಿರುತ್ತಾಳೆ. ಸೇರಬೇಕು ಅನ್ನುತ್ತಾಳೆ, ಸೇರುವುದಿಲ್ಲ. ನಾನು ಬಂದಿದ್ದೇನಾ ಅಂತ ಮಾತ್ರ ಕೇಳಿ ಇಟ್ಟುಬಿಡುತ್ತಾಳೆ. ಆಫೀಸಿನಾಕೆ ಹೇಳುತ್ತಾಳೆ, "ಮೇಡಂ, ಧ್ವನಿ ಥೇಟ್ ನಿಮ್ದೇ. ಜೋರು ಕೂಡ ನಿಮ್ದೇ."

ನಿನಗೆ ಅವಳು ಎಲ್ಲಾದರೂ ಸಿಕ್ಕಿದರೆ ಹೇಳು. ಭುಜ ವಾಸಿಯಾಗಿದೆ, ಮಾತ್ರೆ ಮುಗಿದಿದೆ, ಗಿಡಗಳಲ್ಲಿ ಒಂದು ಚಿಗುರಿದೆ. ಕೋಪ ಮಾತ್ರ ಹಾಗೇ ಇದೆ.

ಮುಂದಿನ ತಿಂಗಳಿಂದ ನಾನು ಭಾನುವಾರ ಗುಡ್ಡಕ್ಕೆ ಹೋಗುತ್ತೇನೆ. ನನ್ನ ಸೈಕಲ್ ಬಂದರೆ ಅದರಲ್ಲಿ. ಬರದಿದ್ದರೆ ಯಾರದ್ದಾದರೂ ಕೇಳಿ ತೆಗೆದುಕೊಂಡು, ನನ್ನ ಕೈಗೆ ಹೊಂದದ ಬ್ರೇಕಿನಲ್ಲಿ. ಯಾವುದು ವಾಸಿ, ನೀನೇ ಯೋಚಿಸು. ಹೆದರಿಸುತ್ತಿದ್ದೇನೆ ಅಂದುಕೊಂಡರೆ ಹೌದು, ಹೆದರಿಸುತ್ತಿದ್ದೇನೆ.

ಅಮ್ಮ


ಏಪ್ರಿಲ್ 12

ಅಮ್ಮಾ,

ಈ ಕಾಗದದ ಜೊತೆಗೇ ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ ನಿನ್ನ ಸೈಕಲ್ ಬರುತ್ತದೆ. ಸೋತು ಕಳಿಸುತ್ತಿಲ್ಲ. ನಿನ್ನಂಥವಳ ಜೊತೆ ಹೊಡೆದಾಡಿ ನನಗೆ ಸಾಕಾಗಿದೆ.

ಅಂಗಡಿಗೆ ಹೋದಾಗ ಅವನು ಸೈಕಲ್ ರಿಪೇರಿ ಮಾಡಿ, ಬ್ರೇಕುಗಳನ್ನೂ ಸರಿ ಮಾಡಿ ಇಟ್ಟಿದ್ದ. "ಎಲ್ಲರಿಗೂ ಇರೋ ಹಾಗೇ ಮಾಡಿದೀನಿ ಮೇಡಂ, ಇನ್ನು ಯಾರೂ ಬೀಳಲ್ಲ" ಅಂತ ಹೆಮ್ಮೆಯಿಂದ ಹೇಳಿದ. ಅದನ್ನು ಹಾಗೇ ನಿನಗೆ ಕಳಿಸಿದ್ದರೆ? ನೀನು ಅಭ್ಯಾಸಬಲದಿಂದ ಎಡಗೈ ಒತ್ತಿಕೊಂಡು ಆ ಬಂಡೆಗಳ ಮೇಲೆ ಇಳಿದಿದ್ದರೆ?

"ವಾಪಸ್ ಉಲ್ಟಾ ಮಾಡಿ" ಅಂದೆ.

"ಯಾಕೆ ಮೇಡಂ, ಇದೇ ಸರಿ."

"ನಮ್ಮಮ್ಮನೇ ಉಲ್ಟಾ. ಮಾಡಿ ಅಂದ್ರೆ ಮಾಡಿ."

ಅವನು ಮಾಡಿ ಮುಗಿಸುವ ತನಕ ಅಲ್ಲೇ ನಿಂತಿದ್ದೆ. ಚಕ್ರ ಎತ್ತಿಸಿ, ತಿರುಗಿಸಿ, ಒಂದೊಂದು ಹಿಡಿಯನ್ನೂ ನನ್ನ ಕೈಯಿಂದಲೇ ಒತ್ತಿ ನೋಡಿದೆ. ಎಡಗೈ ಒತ್ತಿದರೆ ಮುಂದಿನದು ನಿಲ್ಲುತ್ತದೆ. ಬಲಗೈ ಒತ್ತಿದರೆ ಹಿಂದಿನದು. ಲ್ಯಾಬಿನಿಂದ ಎರಡು ಲೇಬಲ್ ತಂದು 'ಮುಂದೆ', 'ಹಿಂದೆ' ಅಂತ ಬರೆದು ಅಂಟಿಸಿದ್ದೇನೆ. ನಿನಗೆ ಗೊತ್ತು ಅಂತ ಗೊತ್ತು. ಬೇರೆ ಯಾರಾದರೂ ಹತ್ತಿದರೆ ಇರಲಿ ಅಂತ. ಕೀಳಬೇಡ. ಫ್ರಿಜ್ಜಿನ ಥಂಡಿಗೂ ನೀರಿಗೂ ಜಗ್ಗದ ಲೇಬಲ್ಲು ಅದು.

ಇನ್ನು ನನ್ನ ಷರತ್ತು. ನಿನ್ನ ಆ ಕೂಗು ನಿನ್ನ ತಂಡದ ಎಲ್ಲರಿಗೂ ಕೇಳುತ್ತದೆ. ಹಲ್ಲಿನ ಡಾಕ್ಟರಿಗೆ ಕೇಳುತ್ತದೆ. ನನಗೆ ಕೇಳುವುದಿಲ್ಲ. ನಾನು ಭಾನುವಾರವಿಡೀ ಲ್ಯಾಬಿನಲ್ಲಿ ಆ ಫೋನನ್ನೇ ನೋಡುತ್ತಾ ನಿಲ್ಲುತ್ತೇನೆ. ಯಾವ ನಂಬರು ಬರುತ್ತದೋ ಅಂತ. ಅಪ್ಪ ಹೋದಮೇಲೆ ನನಗೆ ನೀನೊಬ್ಬಳೇ ಇರುವುದು ಅಮ್ಮ. ಇದನ್ನು ನಾನು ಇಷ್ಟು ದಿನ ಬೈಗುಳದಲ್ಲಿ ಹೇಳಿದೆ, ನಿನಗೆ ಅರ್ಥವಾಗಲಿಲ್ಲವೋ, ಅರ್ಥವಾಗದ ಹಾಗೆ ಇದ್ದೆಯೋ ತಿಳಿಯದು.

ಕೆಳಗೆ ಇಳಿದ ಮೇಲೆ ಫೋನ್ ಮಾಡು. ನಿನ್ನ ನಂಬರಿನಿಂದ, ನಿನ್ನ ಧ್ವನಿಯಲ್ಲಿ. ಬಾಗಿಲು ಮುಚ್ಚಿತು ಅಂತ ಅಷ್ಟೇ ಹೇಳು. ನಾನು ಏನೂ ಮಾತಾಡುವುದಿಲ್ಲ, ಕೇಳಿ ಇಟ್ಟುಬಿಡುತ್ತೇನೆ. ಆಣೆಗೂ ಬಾಯಿ ಹಾಕುವುದಿಲ್ಲ.

ಅಪ್ಪಣೆ ಕೊಡುತ್ತಿಲ್ಲ, ಕೊಡುವುದಕ್ಕೆ ನಾನು ಯಾರು? ಕೇಳುತ್ತಿದ್ದೇನೆ.

ಇವರ ಕೈ ಕೂಡಿಕೊಳ್ಳುತ್ತಿದೆ. ಈಗ ಅವರಿಗೂ ಒಂದು ಸೈಕಲ್ ಬೇಕಂತೆ. ಯಾರು ತಲೆ ತುಂಬಿದರೋ ಗೊತ್ತಿಲ್ಲ.

ಮಗಳು


ಏಪ್ರಿಲ್ 21, ಭಾನುವಾರ

ಮಗಳೇ,

ಲೇಬಲ್ ಕಿತ್ತುಹಾಕೋಣ ಅಂತ ಉಗುರು ಹಾಕಿದೆ, ಬರಲಿಲ್ಲ. ಎಂಥ ಅಂಟು ಮಾರಾಯ್ತಿ ಅದು. ಡಾಕ್ಟರು ನೋಡಿ, "ಏನ್ ಮೇಡಂ, ಟೆಸ್ಟಿಗೆ ಕೊಟ್ಟಿದ್ರಾ ಸೈಕಲ್ನ?" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಅದನ್ನು ಹಾಗೇ ಬಿಟ್ಟಿದ್ದೇನೆ.

ಹತ್ತುವಾಗ ಮೂರು ಕಡೆ ನಿಂತೆ. ಇಳಿಯುವಾಗ ಡಿಸೆಂಬರಿನಲ್ಲಿ ಬಿದ್ದ ಆ ಬಂಡೆಯ ತಿರುವು ಬಂತು. ಎಡಗೈ ಹಿಡಿಯಲ್ಲೇ ಇತ್ತು, ಕಣ್ಣು ಮಾತ್ರ ಬಂಡೆಯ ಮೇಲೇ ಹೋಯಿತು. ಸೈಕಲ್ಲಿನಿಂದ ಇಳಿದು ನೂಕಿಕೊಂಡು ನಡೆದೆ. ಅದನ್ನು ಅಳಿಯಂದಿರಿಗೆ ಹೇಳಬೇಡ. ತಿರುವು ದಾಟಿದ ಮೇಲೆ ಮತ್ತೆ ಹತ್ತಿದೆ. ಅಲ್ಲಿಂದ ಮುಂದೆ ಬ್ರೇಕನ್ನು ಬಿಟ್ಟೇ ಬಂದೆ.

ಕೆಳಗೆ ಬಂದು ಅವರಿಗೆ ಕೂಗಿದೆ. ಆಮೇಲೆ ನಿನಗೆ ಫೋನ್ ಮಾಡಿದೆ. ಒಂದು ರಿಂಗು ಪೂರ್ತಿಯಾಗುವ ಮೊದಲೇ ನೀನು ಎತ್ತಿದೆ. ಬಾಗಿಲು ಮುಚ್ಚಿತು ಅಂದೆ. ಒಪ್ಪಂದದ ಪ್ರಕಾರ ನೀನು ಇಡಬೇಕಿತ್ತು, ಇಡಲಿಲ್ಲ. ಹಿಂದೆ ನಿನ್ನ ಲ್ಯಾಬಿನ ಯಾವುದೋ ಮಿಷನ್ನು ಗುಂಯ್‌ಗುಡುತ್ತಿತ್ತು, ನೀನು ಮೂಗು ಎಳೆಯುವುದು ಕೇಳಿಸಿತು. ನಾನೂ ಇಡಲಿಲ್ಲ. ಬಿಸಿಲಿನಲ್ಲಿ ಫೋನ್ ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದೆ. ಎಲ್ಲರೂ ಹೊರಟರು.

ಮುಂದಿನ ಭಾನುವಾರವೂ ಮಾಡುತ್ತೇನೆ. ಹಾಗೆ ಅಳುತ್ತಾ ನಿಲ್ಲಬೇಡ, ನನಗೆ ಮೈಯೆಲ್ಲ ಉರಿಯುತ್ತದೆ. ಬೈಯಬೇಕು ಅನ್ನಿಸಿದರೆ ಫೋನಿನಲ್ಲೇ ಬೈದುಬಿಡು. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನಾಲ್ಕು ಆಡುತ್ತೀಯ, ಮಧ್ಯೆ ಬಾಯಿ ಹಾಕುತ್ತೀಯ, ಗೊತ್ತು.

ಹಾಕು.

ಅಮ್ಮ